ಅಯ್ನೋರಿಗೆ ಕೊಟ್ಟ ಆಸನ

ನಮ್ಮ ಮನೆಯ ಜಗಳ ಶುರುವಾದದ್ದು ಉಪ್ಪಿಟ್ಟು ಆರಿಹೋದ ಒಂದು ಭಾನುವಾರ. ಅಮ್ಮ ಬೆಳಿಗ್ಗೆಯೇ ಮಾಡಿ ಮುಚ್ಚಿಟ್ಟಿದ್ದಳು. ತಾತ ಇದ್ದರೆ, ಅವನ ಲಿಂಗಪೂಜೆ ಮುಗಿಯದೆ ನಮ್ಮಲ್ಲಿ ಯಾರೂ ತಟ್ಟೆ ಮುಟ್ಟುವಂತಿಲ್ಲ. ಆ ನಿಯಮ ಮಾಡಿದವರು ಯಾರು ಅಂತ ನನ್ನನ್ನು ಕೇಳಬೇಡಿ, ನಾನು ಕಣ್ಣು ಬಿಡುವ ಹೊತ್ತಿಗೆ ಅದು ಇತ್ತು. ಬಟವಾಡಿ ಬಡಾವಣೆಯಲ್ಲಿ ಬಾಡಿಗೆ ಮನೆ, ಎರಡು ರೂಮು, ಒಂದು ಹಾಲು. ಆ ಹಾಲಿನ ಮೂಲೆಯಲ್ಲಿ ತಾತ ಕರಿಸಿದ್ದಪ್ಪ ಎಡಗೈ ಮೇಲೆ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದನೆಂದರೆ, ನಾವೆಲ್ಲ ಬಾರದ ಬಸ್ಸಿಗೆ ಕಾಯುವವರ ಹಾಗೆ ಅಡುಗೆಮನೆ ಬಾಗಿಲಲ್ಲಿ ನಿಂತಿರಬೇಕು.

ತಾತ ಕಡಬದಿಂದ ಬಂದು ಆಗಿನ್ನೂ ವಾರವಾಗಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡಿದ್ದ, ಊರಿನಲ್ಲಿ ಒಲೆಯ ಹೊಗೆ ತಾಗಬಾರದು ಅಂತ ನಾನೇ ಎಳೆದುಕೊಂಡು ಬಂದಿದ್ದೆ. ಬರುವಾಗ ತನ್ನ ಪೂಜೆ ಟ್ರಂಕನ್ನೂ ತಂದಿದ್ದ.

ನನ್ನ ಹೆಂಡತಿ ರೂಪಶ್ರೀ ಅರಣ್ಯ ಇಲಾಖೆಯಲ್ಲಿ ಉಪ ವಲಯ ಅರಣ್ಯಾಧಿಕಾರಿ. ಸೇರಿ ಇನ್ನೂ ವರ್ಷ ತುಂಬಿಲ್ಲ, ಕೆಲಸ ಖಾಯಂ ಆಗಿಲ್ಲ. ಡ್ಯೂಟಿ ದೂರದ ರಾಷ್ಟ್ರೀಯ ಉದ್ಯಾನದಲ್ಲಿ. ಹದಿನೈದು ದಿನಕ್ಕೊಮ್ಮೆ ಬಸ್ಸು ಬದಲಿಸಿ ಬದಲಿಸಿ ಮನೆಗೆ ಬರುತ್ತಾಳೆ, ಬಂದವಳು ಅರ್ಧ ದಿನ ನಿದ್ದೆ ಮಾಡುತ್ತಾಳೆ. ನಮ್ಮ ಮದುವೆಯಾಗಿ ಐದೇ ತಿಂಗಳು. ತಾತ ಪೂಜೆಗೆ ಕೂರುವುದನ್ನು ಅವಳು ನೋಡಿದ್ದು ಆ ಭಾನುವಾರವೇ ಮೊದಲು.

ತಾತ ಎದ್ದು ಹಣೆಯ ವಿಭೂತಿ ಸರಿಮಾಡಿಕೊಳ್ಳುತ್ತಿದ್ದ. ರೂಪಾ ಅವನು ಕೂತಿದ್ದ ಜಾಗವನ್ನೇ ನೋಡುತ್ತಿದ್ದಳು.

"ತಾತ, ಅದು ಜಿಂಕೆ ಚರ್ಮ ಅಲ್ವಾ?"

"ಹೂಂ ಕಣವ್ವ. ನಮ್ಮಪ್ಪಂದು. ಅವ್ರಿಗೆ ಅವ್ರ ಗುರುಗಳು ಕೊಟ್ಟಿದ್ದಂತೆ. ನೋಡು, ಇನ್ನೂ ಕೂದ್ಲು ಉದುರಿಲ್ಲ."

"ಇದನ್ನ ಮನೇಲಿ ಇಟ್ಕೊಳ್ಳಂಗಿಲ್ಲ ತಾತ."

ತಾತ ತೊಗಲನ್ನು ಸುರುಳಿ ಸುತ್ತುತ್ತಿದ್ದವನು ಕೈ ನಿಲ್ಲಿಸಿದ. "ಯಾಕೆ?"

"ಕಾನೂನು. ಕಾಡುಪ್ರಾಣಿದು ಚರ್ಮ, ಕೊಂಬು, ಉಗುರು, ಏನೂ ಇಟ್ಕೊಳ್ಳಂಗಿಲ್ಲ. ಹಳೇದಿದ್ರೆ ಆವಾಗ್ಲೇ ಸರ್ಕಾರಕ್ಕೆ ತಿಳಿಸಿರ್ಬೇಕಿತ್ತು."

"ಆ ಕಾನೂನು ಬಂದಿದ್ದು ಯಾವಾಗ?"

"ಎಪ್ಪತ್ತೆರಡ್ರಲ್ಲಿ."

"ಈ ತೊಗಲು ಬಂದಿದ್ದು ನಾನು ಹುಟ್ಟಾಕ್ ಮುಂಚೆ. ಮನೆಗೆ ಮೊದ್ಲು ಬಂದೋರು ಯಾರು, ಹೇಳು ನೋಡಣ."

ಅಮ್ಮ ಮುಖ ತಿರುಗಿಸಿ ನಕ್ಕಳು. ರೂಪಾ ನಗಲಿಲ್ಲ. "ಈಗ ಸರ್ಕಾರದೋರು ಗಡುವು ಕೊಟ್ಟವ್ರೆ ತಾತ. ಇಟ್ಕೊಂಡಿರೋರು ಅಷ್ಟರೊಳ್ಗೆ ತಂದು ಕೊಟ್ಬಿಟ್ರೆ ಕೇಸಿಲ್ಲ, ಗೀಸಿಲ್ಲ. ಈ ತಿಂಗ್ಳ ಕೊನೇವರ್ಗೂ ಟೈಮ್ ಅದೆ."

"ನಾನು ಸತ್ ಮೇಲೆ ಕೊಡ್ರಿ," ಎಂದು ತಾತ ಟ್ರಂಕಿನ ಮುಚ್ಚಳ ಹಾಕಿದ. "ದಾಕ್ಷಾಯಣಿ, ಉಪ್ಪಿಟ್ಟು ತಗಂಬಾ."

ಉಪ್ಪಿಟ್ಟು ಆರಿ ಗಟ್ಟಿಯಾಗಿತ್ತು. ಅದನ್ನೇ ಎಲ್ಲರೂ ನೀರು ಕುಡಿದುಕೊಂಡು ನುಂಗಿದೆವು.

ಸಂಜೆ ಅವಳನ್ನು ಬಸ್ ನಿಲ್ದಾಣಕ್ಕೆ ಬಿಡಲು ಹೋದೆ. ಗಾಡಿ ನಿಲ್ಲಿಸಿ, "ಹಳೇ ಮನುಷ್ಯ, ಬಿಟ್ಬಿಡೆ. ಯಾರು ಬಂದು ನೋಡ್ತಾರೆ?" ಎಂದೆ. ತಿಳಿಗೇಡಿ ಮಾತು ಅಂತ ಆಡುವಾಗಲೇ ಅನಿಸಿತ್ತು.

"ನಾನು ನೋಡಿದೀನಲ್ರೀ," ಎಂದಳು. ಆಮೇಲೆ ಬ್ಯಾಗು ಮಡಿಲಲ್ಲಿಟ್ಟುಕೊಂಡು ಕಟ್ಟೆ ಮೇಲೆ ಕೂತಳು. "ಹೋದ್ ತಿಂಗ್ಳು ಪಾರ್ಕ್ ಪಕ್ಕದ್ ಆದಿವಾಸಿ ಹಾಡೀಲಿ ಒಬ್ಬ ಅಜ್ಜನ್ ಮನೆಗೆ ಹೋಗಿದ್ವಿ. ಗೋಡೆಗೆ ಒಂದು ಕೊಂಬು ಹೊಡ್ದಿದ್ದ. ಟವೆಲ್ ನೇತಾಕಕ್ಕೆ. ಅವನೇನ್ ಪ್ರಾಣಿ ಹೊಡ್ದಿದ್ದಲ್ಲ, ಕಾಡಲ್ಲಿ ಬಿದ್ದಿದ್ದು ತಂದಿದ್ದ. ಆಗಿನ್ನೂ ಗಡುವು ಕೊಟ್ಟಿರ್ಲಿಲ್ಲ, ಮೇಲಿನೋರು ಕೇಸ್ ಮಾಡು ಅಂದ್ರು. ಜೀಪ್ ಹತ್ಸಿದ್ದು ನಾನೇ. ಹತ್ತೋ ಮುಂಚೆ ಅವ್ನು ಕೇಳಿದ್ದು ಒಂದೇ. 'ಮನೆ ಬಾಗ್ಲು ಹಾಕ್ಕಂಡ್ ಬರ್ಲಾ ಮೇಡಂ' ಅಂತ."

ನಾನು ಗಾಡಿಯಿಂದ ಇಳಿದು ಅವಳ ಪಕ್ಕ ಕೂತೆ.

"ಆ ಅಜ್ಜಂಗೆ ಒಂದು ಕಾನೂನು, ನಮ್ ತಾತಂಗೆ ಒಂದು ಕಾನೂನಾ? ಯಾರಾರ ಹೇಳ್ಬಿಟ್ರೆ ನನ್ ಕೆಲ್ಸ ಅವತ್ತೇ ಹೋಗತ್ತೆ. ಹೋಗ್ಲಿ ಬಿಡಿ ಅಂದ್ರೆ, ಅದಕ್ಕೋಸ್ಕರ ನಾನು ಎಷ್ಟು ವರ್ಷ ಓದಿದೀನಿ ಗೊತ್ತಲ್ಲ ನಿಮ್ಗೆ."

ಗೊತ್ತಿತ್ತು. ಎರಡು ಸಲ ಓಟದ ಪರೀಕ್ಷೆಯಲ್ಲಿ ಕೂದಲೆಳೆಯಲ್ಲಿ ಸೋತು, ಮೂರನೆಯ ಸಲ ಕಾಲಿನ ಉಗುರು ಕಿತ್ತುಹೋದರೂ ಓಡಿ ಗೆದ್ದವಳು. ಮದುವೆ ಮಾತಿಗೆ ಬಂದಾಗ ಅವಳು ಹಾಕಿದ ಷರತ್ತು ಅದೊಂದೇ, ಕೆಲಸ ಬಿಡುವುದಿಲ್ಲ ಅಂತ. ನಾನು ಒಪ್ಪಿದ್ದೆ, ಅಮ್ಮನೂ ಒಪ್ಪಿದ್ದಳು.

ಆ ಇಡೀ ವಾರ ಮನೆಯಲ್ಲಿ ಮಾತಿಗಿಂತ ಪಾತ್ರೆ ಸದ್ದೇ ಜಾಸ್ತಿ. ಬೆಳಿಗ್ಗೆ ಎಂಟಕ್ಕೆ ಶಿರಾ ಗೇಟಿನಲ್ಲಿ ನನ್ನ ಪಂಪ್‌ಸೆಟ್ ಅಂಗಡಿ ತೆಗೆಯಬೇಕು. ಅಷ್ಟರೊಳಗೆ ತಾತನದೊಂದು ಪಂಚಾಯ್ತಿ, ಅಮ್ಮನದೊಂದು ಪಂಚಾಯ್ತಿ. ತಾತ ಬೇಕೆಂದೇ ಪೂಜೆಯನ್ನು ಉದ್ದ ಮಾಡುತ್ತಿದ್ದ. ಮುಗಿಸಿ ಎದ್ದರೆ ಅರ್ಧ ಮುದ್ದೆ ತಿಂದು ಕೈ ತೊಳೆಯುತ್ತಿದ್ದ.

"ಅವರೆಕಾಳ್ ಸಾರು ಮಾಡಿದೀನಿ ಮಾವ, ಇನ್ನರ್ಧ ಹಾಕ್ಸ್ಕಳಿ."

"ಸಾಕು."

"ನಿಮ್ ಕಣ್ಣಿನ್ ಮಾತ್ರೆ ಹೊಟ್ಟೆ ತುಂಬಾ ತಿಂದು ನುಂಗ್ಬೇಕು ಅಂತ ಡಾಕ್ಟ್ರು ಹೇಳವ್ರೆ."

"ಆಸನ ಹೋದ್ರೆ ಪೂಜೆ ಹೋಯ್ತು. ಪೂಜೆ ಹೋದ್ರೆ ಊಟಾನೂ ಹೋಯ್ತು. ಈಗ್ಲಿಂದ್ಲೇ ಕಮ್ಮಿ ಮಾಡ್ಕಳದು ಒಳ್ಳೇದಲ್ವಾ."

ಅಮ್ಮ ಅಡುಗೆಮನೆಗೆ ಬಂದು ಸೌಟು ಕುಕ್ಕಿದಳು. "ಇವ್ರು ಉಪ್ವಾಸ ಬಿದ್ರೆ ಊರೋರೆಲ್ಲ ನನ್ ಮುಖಕ್ಕೆ ಉಗೀತಾರೆ. ಅವ್ಳು ಅಲ್ಲಿ ಕಾಡಲ್ ಕೂತ್ಕಂಡು ದಿನಾ ಸಂಜೆ ಫೋನ್ ಮಾಡಿ, 'ಅತ್ತೆ ಕೊಟ್ರಾ, ಅತ್ತೆ ಕೊಟ್ರಾ' ಅಂತಾಳೆ. ನಾನೇನ್ಲಾ ಮಾಡ್ಲಿ? ಇಬ್ರ್ ಕೈಲೂ ಸಿಕ್ಕಂಡು ಸಾಕಾಗೋಗದೆ ಸೋಮ."

"ನಂಗೂ ಸಾಕಾಗದೆ ಕಣಮ್ಮ," ಎಂದು ಟಿಫನ್ ಬಾಕ್ಸ್ ತೆಗೆದುಕೊಂಡು ಹೊರಟೆ. ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿ ಆಗಲಿಲ್ಲ.

ಮುಂದಿನ ಸೋಮವಾರ ಅಮ್ಮ ಕುಣಿಗಲ್ಲಿನ ತನ್ನ ತವರಿಗೆ ಹೋಗಿಬರುತ್ತೇನೆಂದು ಬೆಳಿಗ್ಗೆ ಮೊದಲ ಬಸ್ಸಿಗೇ ಹೋದಳು. ತಾತ ಸ್ನಾನ ಮಾಡಿ ಬಂದು ಟ್ರಂಕು ತೆಗೆದ. ವಿಭೂತಿ ಗಟ್ಟಿ ಇತ್ತು, ಗಂಟೆ ಇತ್ತು, ಆಸನವಿಲ್ಲ. ಟ್ರಂಕನ್ನು ಬೋರಲು ಹಾಕಿದ. ಮಂಚದ ಕೆಳಗೆ ತೂರಿದ. ನನ್ನ ಬೀರು ತೆಗೆಸಿದ. ಒದ್ದೆ ಪಂಚೆಯಲ್ಲೇ ಮನೆಯೆಲ್ಲ ಸುತ್ತಿದ. ಅವತ್ತು ನಾನು ಅಂಗಡಿ ತೆಗೆಯಲಿಲ್ಲ.

ಅಮ್ಮ ಮಧ್ಯಾಹ್ನ ಬಂದಳು. ಹಣೆ ತುಂಬ ವಿಭೂತಿ, ಕೈಯಲ್ಲಿ ಬಾಳೆಹಣ್ಣಿನ ಪ್ರಸಾದ. ಅಷ್ಟು ಹಗುರಾದ ಮುಖವನ್ನು ನಾನು ಅವಳಲ್ಲಿ ಬಹಳ ದಿನದಿಂದ ನೋಡಿರಲಿಲ್ಲ.

"ಹುಡುಕ್ಬೇಡಿ ಮಾವ. ಚನ್ನವೀರಯ್ಯ ಅಯ್ನೋರಿಗೆ ದಾನ ಕೊಟ್ಬಂದೆ."

ಕುಣಿಗಲ್ಲಿನ ಚನ್ನವೀರಯ್ಯನವರು ನಮ್ಮ ಮನೆತನದ ಅಯ್ನೋರು. ಲಿಂಗ ಕಟ್ಟುವುದರಿಂದ ಹಿಡಿದು ಮಣ್ಣು ಮಾಡುವವರೆಗೆ ನಮ್ಮ ಮನೆಯ ಎಲ್ಲ ಕಾರ್ಯಕ್ಕೂ ಅವರೇ ಬರಬೇಕು. ಅವರ ಅಪ್ಪ, ಅವರ ತಾತ ನಮ್ಮ ಹಿರಿಯರಿಗೆ ಮಾಡಿದ್ದಾರೆ.

"ಮನೇಲಿ ಇರ್ಬಾರ್ದು ಅಂದ್ಲು ಅವ್ಳು," ಅಮ್ಮ ಲೆಕ್ಕ ಒಪ್ಪಿಸಿದಳು. "ಪೂಜೇಲೇ ಇರ್ಬೇಕು ಅಂದ್ರಿ ನೀವು. ಅಯ್ನೋರ್ ಮನೇಲಿದ್ರೆ ಎರಡೂ ಆಯ್ತಲ್ಲ. ದಾನ ಕೊಟ್ ಪುಣ್ಯಾನೂ ಬಂತು."

ಸರ್ಕಾರದ ಜೊತೆ ಜಗಳವಾಡಬಹುದು, ಮೊಮ್ಮಗನ ಹೆಂಡತಿ ಜೊತೆ ಆಡಬಹುದು, ಅಯ್ನೋರಿಗೆ ಕೊಟ್ಟದ್ದಕ್ಕೆ ಏನು ಅನ್ನುವುದು? ತಾತ ಬೋರಲು ಬಿದ್ದಿದ್ದ ಟ್ರಂಕನ್ನು ನೆಟ್ಟಗೆ ಇಟ್ಟ. ಆಮೇಲೆ ಒಂದು ಕಂಬಳಿ ಮಡಚಿ ಹಾಕಿಸಿಕೊಂಡು ಪೂಜೆಗೆ ಕೂತ. ಮುಗಿಸಿ ಎದ್ದು ಒಂದು ಇಡೀ ಮುದ್ದೆ ತಿಂದ. ಅಮ್ಮ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಭಲೇ ಅಮ್ಮ ಅಂತ ನಾನೂ ಅಂದುಕೊಂಡೆ. ಪೆದ್ದರು ನಾವು, ಮನೆಮಂದಿಯೆಲ್ಲ ಪೆದ್ದರು.

ಒಂದಷ್ಟು ದಿನ ಮನೆ ತಣ್ಣಗಿತ್ತು. ಸಂಜೆ ಫೋನು ಬಂದಾಗ ಅಮ್ಮ, "ಎಲ್ಲಾ ಸರಿಹೋಯ್ತು ಕಣಮ್ಮ, ನೀನ್ ಬಾ, ಹೇಳ್ತೀನಿ," ಎನ್ನುತ್ತಿದ್ದಳು. ರೂಪಾ ನಾವು ಇಲಾಖೆಗೆ ಕೊಟ್ಟೆವೆಂದೇ ತಿಳಿದಿದ್ದಳು. ಗಡುವು ಮುಗಿಯುವ ವಾರದ ಗುರುವಾರ ರಜೆ ಹಾಕಿ ಬಂದಳು. ಅಮ್ಮ ಅವಳಿಗಿಷ್ಟವೆಂದು ಒಬ್ಬಟ್ಟು ಮಾಡಿದ್ದಳು. ತಟ್ಟೆಗೆ ಎರಡನೆಯ ಒಬ್ಬಟ್ಟು ಹಾಕುತ್ತಾ, ತುಪ್ಪ ಬಿಡುತ್ತಾ, ಕಥೆಯೆಲ್ಲ ಹೇಳಿದಳು.

ರೂಪಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದಳು.

"ಅತ್ತೆ, ಇಟ್ಕೊಂಡಿದ್ದು ಒಂದು ತಪ್ಪು. ಇನ್ನೊಬ್ರಿಗೆ ಕೊಟ್ಟಿದ್ದು ಬೇರೆ ತಪ್ಪು. ಈಗ ಕೊಟ್ಟಿದ್ದಕ್ಕೆ ನಿಮ್ ಮೇಲೆ ಕೇಸು, ಇಸ್ಕೊಂಡಿದ್ದಕ್ಕೆ ಅವ್ರ್ ಮೇಲೆ ಕೇಸು."

"ದಾನ ಕೊಟ್ರೆ ಕೇಸಾ? ಇದ್ಯಾವ್ ಸೀಮೆ ಕಾನೂನಮ್ಮ?"

"ಕೊಡಂಗಿಲ್ಲ, ಮಾರಂಗಿಲ್ಲ, ಇಲಾಖೆಗೆ ಒಪ್ಸೋದೊಂದೇ ದಾರಿ. ಹಂಗ್ ಬಿಟ್ರೆ ದಾನ ಅಂತ್ಲೇ ಎಲ್ರೂ ಸಾಗಿಸ್ತಾರೆ. ನಾಡಿದ್ದು ಶನಿವಾರದೊಳ್ಗೆ ವಾಪಸ್ ತಂದು ಒಪ್ಸ್‌ಬಿಡಿ. ದಾಟಿದ್ರೆ ನನ್ ಕೈಲೂ ಏನೂ ಆಗಲ್ಲ."

"ಅಯ್ನೋರಿಗ್ ಕೊಟ್ಟಿದ್ದು ವಾಪಸ್ ಇಸ್ಕಳದಾ?" ಅಮ್ಮ ತುಪ್ಪದ ಚಮಚ ಹಿಡಿದುಕೊಂಡೇ ಕೂತುಬಿಟ್ಟಳು. "ನಮ್ ವಂಶ ಉದ್ಧಾರ ಆಗ್ತದಾ?"

ನಾನು ಎದ್ದು ಅಯ್ನೋರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ವಿಷಯ ಹೇಳಿದೆ. ಅವರು ಕೇಳಿಸಿಕೊಂಡು, "ನಾನಾಗಿ ಕೇಳಿ ಇಸ್ಕೊಂಡಿಲ್ಲಪ್ಪ. ನಿಮ್ ತಾಯಿ ತಂದು ಪಾದದ ಹತ್ರ ಇಟ್ರು, ತಗೊಂಡೆ. ಕೊಡಕ್ಕಾಗಲ್ಲ," ಎಂದು ಇಟ್ಟುಬಿಟ್ಟರು.

ಹಾಲಿನಲ್ಲಿ ಎಲ್ಲರಿಗೂ ಕೇಳಿಸಿತ್ತು. ರೂಪಾ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ತಟ್ಟೆ ತೊಳೆದಿಟ್ಟು ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಳು. "ಅತ್ತೆ ಮೇಲೆ ಕೇಸ್ ಬರ್ಯೋಕೆ ನನ್ ಕೈಲಿ ಆಗಲ್ಲ. ಗೊತ್ತಿದ್ದೂ ಗೊತ್ತಿಲ್ದಂಗೆ ಯೂನಿಫಾರ್ಮ್ ಹಾಕ್ಕೊಳ್ಳೋಕೂ ಆಗಲ್ಲ. ಶನಿವಾರ ಹೋಗಿ ಕೆಲ್ಸ ಬಿಡ್ತೀನಿ ಅಂತ ಹೇಳ್ಬಿಡ್ತೀನಿ." ಅಷ್ಟು ಹೇಳಿ ರೂಮಿಗೆ ಹೋಗಿ ಮಲಗಿದಳು. ಅಮ್ಮ ಉಳಿದ ಹೂರಣವನ್ನು ಡಬ್ಬಿಗೆ ತುಂಬುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ತಾತ ಗೋಡೆಗೊರಗಿ ಕೂತು ರೂಮಿನ ಬಾಗಿಲನ್ನೇ ನೋಡುತ್ತಿದ್ದ.

ಬೆಳಿಗ್ಗೆ ನಾನೇಳುವಷ್ಟರಲ್ಲಿ ತಾತ ಸ್ನಾನ ಮುಗಿಸಿ, ಮದುವೆಗೆ ಹಾಕುವ ಕೋಟು ಹಾಕಿ ರೆಡಿಯಾಗಿದ್ದ. "ಲೇ ಸೋಮ, ಅಂಗ್ಡಿ ಗಾಡಿ ತಗಿ. ಕುಣಿಗಲ್ಗೆ ಹೋಗ್ಬೇಕು."

"ಪೂಜೆ?"

"ಬಂದ್ ಮೇಲೆ ಮಾಡಣ ನಡಿ."

ನನಗೆ ನೆನಪಿರುವಂತೆ ತಾತ ಪೂಜೆ ಮುಂದಕ್ಕೆ ಹಾಕಿದ್ದು ಅದೇ ಮೊದಲು. ಪೈಪು ಸಾಗಿಸುವ ನಮ್ಮ ಟಾಟಾ ಏಸ್‌ನಲ್ಲಿ ಪಕ್ಕ ಕೂತು, ಕರಿ ಕನ್ನಡಕ ಹಾಕಿಕೊಂಡು, ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದ. ಹೆಬ್ಬೂರು ದಾಟುವಾಗ ಒಂದೇ ಒಂದು ಮಾತು ಕೇಳಿದ. "ಆ ಕೊಂಬಿನ್ ಅಜ್ಜ, ಅವ್ನಿಗೇನಾಯ್ತಂತೆ?" ಬಸ್ ನಿಲ್ದಾಣದಲ್ಲಿ ಕೇಳಿದ ಕಥೆಯನ್ನು ನಾನು ಅಮ್ಮನಿಗೆ ಹೇಳಿದ್ದೆ, ಅದು ತಾತನ ಕಿವಿಗೂ ಬಿದ್ದಿತ್ತು.

"ಜಾಮೀನ್ ಸಿಕ್ತಂತೆ. ಕೋರ್ಟಿಗೆ ಅಲೀತಾವ್ನೆ."

"ಮನೆ ಬಾಗ್ಲು ಹಾಕ್ಕಂಡ್ ಹೋದ್ನಂತಾ?"

"ಗೊತ್ತಿಲ್ಲ ತಾತ."

ಚನ್ನವೀರಯ್ಯನವರಿಗೆ ನಮ್ಮಪ್ಪ ಬದುಕಿದ್ದಿದ್ದರೆ ಆಗುತ್ತಿದ್ದಷ್ಟು ವಯಸ್ಸು. ತಾತನಿಗಿಂತ ಬಹಳ ಚಿಕ್ಕವರು. ಆದರೂ ಬಾಗಿಲಲ್ಲೇ ತಾತ ಬಗ್ಗಿ ಅವರ ಪಾದ ಮುಟ್ಟಿದ. ಆಸನ ಒಳ ಅಂಗಳದ ಹಗ್ಗದ ಮೇಲೆ ಬಿಸಿಲಿಗೆ ಹರವಿದ್ದು ನನಗೆ ಕಾಣುತ್ತಿತ್ತು. ಕಾಫಿ ಬಂತು. ತಾತ ಲೋಟ ಮುಟ್ಟಲಿಲ್ಲ.

"ಅಯ್ನೋರೇ, ಕೊಟ್ಟಿದ್ದನ್ನ ಕೇಳಾಕ್ ಬಂದಿವ್ನಿ. ನಾಚ್ಕೆ ಬಿಟ್ಟು ಬಂದಿವ್ನಿ."

"ಫೋನಲ್ಲೇ ಹೇಳ್ದೆನಲ್ಲ ಕರಿಸಿದ್ದಪ್ಪ. ಅದ್ರ್ ಮೇಲೆ ಕೂತು ಪೂಜೆ ಮಾಡಿದೀನಿ. ಈಗ ಕೊಟ್ರೆ ಏನರ್ಥ? ಕದ್ದ ಮಾಲು ಅಂತ್ಲಾ?"

"ನಮ್ ಕೂಸಿನ್ ಕೆಲ್ಸ ಹೋಗ್ತದೆ."

"ಅದಕ್ಕೆ ನಮ್ಮ ಮನೆ ಬಾಗ್ಲಿಗೆ ಜೀಪ್ ತರ್ತಾಳಾ?"

"ತರಾಕಿಲ್ಲ ಬುದ್ಧಿ. ತರ್ಬಾರ್ದು ಅಂತ್ಲೇ ಕೆಲ್ಸ ಬಿಡ್ತೀನಿ ಅಂತಾವ್ಳೆ. ಉಗ್ರು ಕಿತ್ತೋಗಂಗೆ ಓಡಿ ತಗಂಡಿರೋ ಕೆಲ್ಸ ಕಣಯ್ಯ. ನಾನು ಒಂದು ತೊಗಲ್ ಮೇಲೆ ಕೂರಾಕೆ ಅವ್ಳನ್ನ ಮನೇಲ್ ಕೂರ್ಸ್ಲಾ?"

ಅಯ್ನೋರು ಕೆಟ್ಟವರಲ್ಲ. ಆದರೆ ಅವರ ಮುಖ ಕೆಂಪಗಾಗಿತ್ತು. ಎದ್ದು ಹೋಗಿ ಆಸನವನ್ನು ಹಗ್ಗದಿಂದ ತೆಗೆದು, ಮಡಚದೆ, ತಾತನ ಮುಂದೆ ನೆಲದ ಮೇಲೆ ಇಟ್ಟರು.

"ತಗೊಂಡೋಗಿ. ಕೊಟ್ಟಿದ್ದನ್ನ ಕಿತ್ಕೊಂಡ್ ಹೋದ ಮನೆಗೆ ನಾನು ಬರಲ್ಲ. ಮಂಗಳಕಾರ್ಯಕ್ಕೂ ಬರಲ್ಲ, ಮಣ್ಣಿಗೂ ಬರಲ್ಲ. ನನ್ ಮಗನೂ ಬರಲ್ಲ."

ನಮ್ಮಲ್ಲಿ ಯಾರಾದರೂ ಹೋದರೆ ವಿಭೂತಿ ಹಚ್ಚಿ ಕೂರಿಸುತ್ತೇವೆ. ಅಯ್ನೋರು ಬಂದು ತಲೆಯ ಮೇಲೆ ಪಾದ ಇಟ್ಟ ಮೇಲೆಯೇ ಎತ್ತುವುದು. ಅಪ್ಪನ ತಲೆಯ ಮೇಲೆ ಪಾದ ಇಟ್ಟವರು ಇದೇ ಚನ್ನವೀರಯ್ಯನವರು. ಎಂಬತ್ತು ದಾಟಿದ ಮನುಷ್ಯನಿಗೆ ಹೇಳುವ ಮಾತಾ ಇದು? ನಾನು ಏನೋ ಅನ್ನಲು ಹೋದೆ, ತಾತ ನನ್ನ ಮೊಣಕೈ ಹಿಡಿದ. ಮತ್ತೊಮ್ಮೆ ಬಗ್ಗಿ ಅವರ ಪಾದ ಮುಟ್ಟಿ, ಆಸನ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದ.

ಗಾಡಿಯಲ್ಲಿ, "ನಿಮ್ಮವ್ವಂಗೆ ಹೇಳ್ಬ್ಯಾಡ. ತನ್ನಿಂದಾಯ್ತು ಅಂತ ಕೊರಗ್ತಾಳೆ," ಎಂದ.

ತಾತನ ಊರು ಕಡಬವಾದ್ದರಿಂದ ಒಪ್ಪಿಸಬೇಕಾದದ್ದು ಗುಬ್ಬಿಯ ಅರಣ್ಯ ಕಚೇರಿಯಲ್ಲಿ. ಕಡಬದ ಮೇಲೆಯೇ ಹೋದೆವು. ಕೆರೆ ಏರಿಯ ಹತ್ತಿರ ಗಾಡಿ ನಿಧಾನ ಮಾಡಿ, "ಮನೆಗೆ ಹೋಗಿ ಒಂದ್ಸಲ ಪೂಜೆ ಮಾಡ್ಕಂಡ್ ಬರ್ತೀಯಾ?" ಎಂದು ಕೇಳಿದೆ.

"ಬ್ಯಾಡ. ಕೂತ್ರೆ ಏಳಾಕ್ ಮನ್ಸಾಗಕಿಲ್ಲ," ಎಂದ.

ಕಚೇರಿಯಲ್ಲಿ ಒಬ್ಬ ಹುಡುಗಿ ಆಸನವನ್ನು ಬಿಡಿಸಿ ಅಳೆದು, ಫೋಟೋ ತೆಗೆದು, ಒಳ್ಳೆಯ ಮಾತಿನಲ್ಲೇ ತಾತನ ಹೆಬ್ಬೆಟ್ಟು ಹಾಕಿಸಿಕೊಂಡಳು. ಮೂಲೆಯಲ್ಲಿ ಬೇರೆಯವರು ತಂದುಕೊಟ್ಟ ಕೊಂಬುಗಳು ಸೌದೆಯ ಹಾಗೆ ಬಿದ್ದಿದ್ದವು.

"ಇದನ್ನ ಏನ್ ಮಾಡ್ತೀರವ್ವ?"

"ಮೇಲಿಂದ ಆರ್ಡರ್ ಬಂದ್ಮೇಲೆ ಸುಡ್ತಾರೆ ತಾತ."

"ಸುಡದಾ," ಎಂದ ತಾತ. "ನಮ್ಮಲ್ಲಿ ಸುಡಲ್ಲ ಕಣವ್ವ, ಹೂಳದು." ಆ ಹುಡುಗಿ ರಸೀದಿ ಹರಿದು ಕೊಟ್ಟಳು. ತಾತ ಆಸನದ ಮೇಲೆ ಒಂದು ಸಲ ಕೈಯಾಡಿಸಿ ಹೊರಗೆ ಬಂದ. ಮನೆಗೆ ಹೋಗಿ ಸಂಜೆ ಪೂಜೆ ಮಾಡಿ, ದಿನದ ಮೊದಲ ಊಟ ಮಾಡಿದ. ಒಪ್ಪಿಸಿದೆವೆಂದು ಕೇಳಿ ರೂಪಾ ಅಮ್ಮನನ್ನು ತಬ್ಬಿಕೊಂಡು ಅತ್ತಳು. ಅಮ್ಮನೂ ಅತ್ತಳು. "ಅಯ್ನೋರು ಬೇಜಾರ್ ಮಾಡ್ಕಂಡ್ರಾ?" ಎಂದು ಅಮ್ಮ ಕೇಳಿದ್ದಕ್ಕೆ, "ಇಲ್ಲ, ಕಾಫಿ ಕೊಟ್ರು," ಎಂದೆ.

ಮಾರನೆಯ ಬೆಳಿಗ್ಗೆ ರೂಪಾ ಡ್ಯೂಟಿಗೆ ಹೊರಡಬೇಕಿತ್ತು. ಯೂನಿಫಾರ್ಮ್ ಹಾಕಿಕೊಂಡು ಬಂದವಳು, ತಾತನ ಮೂಲೆಯಲ್ಲಿ ಕಂಬಳಿ ಹಾಸಿ, ಅದರ ಮೇಲೆ ಒಂದು ಹೊಸ ಬಿಳಿ ಪಂಚೆ ಮಡಚಿ ಹಾಕಿದಳು. ತಾತ ಬಂದು ನೋಡಿ, ಎರಡನ್ನೂ ಮೆಲ್ಲಗೆ ಪಕ್ಕಕ್ಕೆ ಸರಿಸಿ ಬರಿ ನೆಲದ ಮೇಲೆ ಕೂತ.

"ತಾತ, ಥಂಡಿ ಹಿಡಿಯತ್ತೆ. ನನ್ ಮೇಲೆ ಇನ್ನೂ ಕೋಪನಾ?"

"ಕೋಪ ಯಾಕವ್ವ? ಕಡೆಗೆ ಮಣ್ಣಲ್ಲಿ ಕೂರ್ಸೋವಾಗ ಕಂಬ್ಳಿ ಹಾಸ್ತಾರಾ? ಈಗ್ಲಿಂದ್ಲೇ ಅಭ್ಯಾಸ ಆಗ್ಲಿ ಅಂತ."

ಅಡುಗೆಮನೆಯಲ್ಲಿ ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದಳು. ಆ ಸದ್ದಿನ ನಡುವೆ ತಾತ ಅವಳನ್ನು ಹತ್ತಿರ ಕರೆದ. ನಾನು ಬಾಗಿಲ ಬಳಿ ಗಾಡಿಯ ಕೀಲಿ ಹಿಡಿದು ನಿಂತಿದ್ದೆ.

"ಕೂಸೆ, ನಾನು ಹೋದ್ ದಿನ ನಿಂಗೆ ರಜ ಕೊಡ್ತಾರಾ?"

"ಏನ್ ಮಾತು ತಾತ ಇದು ಬೆಳಿಗ್ಗೆ ಬೆಳಿಗ್ಗೆ."

"ಕೊಡ್ತಾರಾ, ಹೇಳು."

"ಕೊಡ್ತಾರೆ. ಯಾಕೆ?"

"ಅಯ್ನೋರು ಇನ್ ಬರಾಕಿಲ್ಲ ಅಂದ್ರು. ನನ್ ತಲೆ ಮೇಲೆ ಪಾದ ಇಡಾಕೆ ಯಾರಾರ ಬೇಕಲ್ವಾ. ನೀನೇ ಬಂದು ಇಟ್ಬುಡು."

ಅವನ ದನಿಯಲ್ಲಿ ಕುಹಕವಿರಲಿಲ್ಲ. ಹಾಲು ತರಲು ಹೇಳಿದಷ್ಟೇ ಸಲೀಸಾಗಿ ಹೇಳಿ, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದ. ರೂಪಾ ನನ್ನ ಕಡೆ ತಿರುಗಿ ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು, ಒಂದು ಬೂಟನ್ನು ಕೈಗೆ ತೆಗೆದುಕೊಂಡು ತನ್ನ ಬರಿ ಪಾದವನ್ನೇ ನೋಡಿಕೊಂಡಳು. ಬಸ್ಸಿನ ಹೊತ್ತು ಮೀರಿತು, ಅಮ್ಮ ಎರಡು ಸಲ ಕೂಗಿದಳು, ಬೂಟು ಕೈಯಲ್ಲೇ ಇತ್ತು.